ನಾಲ್ಕು ಬೀಜ, ಹದಿನಾರು ಸಾಲು

ಚೌಕಾಬಾರಾದ ಹುಣಸೆಬೀಜ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಗಲೂಬಾರದು. ಅದನ್ನು ತಿಕ್ಕಿಯೇ ಮಾಡಿಕೊಳ್ಳಬೇಕು. ಬೇಸಗೆಯಲ್ಲಿ ಮನೆಯ ಹೆಣ್ಣುಮಕ್ಕಳು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವಾಗ ಆ ರಾಶಿಯ ಪಕ್ಕ ಕೂತು, ಒಂದೇ ಅಳತೆಯ, ಮೈತುಂಬಿದ, ಅಂಚು ಮುಕ್ಕಾಗದ ನಾಲ್ಕನ್ನು ಆರಿಸುವುದೇ ಒಂದು ಸುಖ. ಕಂದುಗಪ್ಪು ಸಿಪ್ಪೆ ಎಷ್ಟು ನುಣುಪೆಂದರೆ ಬೆರಳು ನಿಲ್ಲುವುದಿಲ್ಲ. ನಡುವೆ ಮಾತ್ರ ತುಸು ಮಾಸಿದ ಒಂದು ಮಚ್ಚೆ, ಅಲ್ಲಿ ಬೆರಳು ಅರೆಗಳಿಗೆ ತಡೆಯುತ್ತದೆ. ಇಂಥ ಬೀಜವನ್ನು ಒರಟು ಚಪ್ಪಡಿಯ ಮೇಲಿಟ್ಟು, ಎರಡು ಹನಿ ನೀರು ಬಿಟ್ಟು, ಹೆಬ್ಬೆರಳಿನಲ್ಲಿ ಒತ್ತಿ ತಿಕ್ಕಬೇಕು. ಮೊದಲು ಹೊಳಪು ಹೋಗುತ್ತದೆ. ಆಮೇಲೆ ನಟ್ಟನಡುವೆ ಸಾಸಿವೆಯಷ್ಟು ಬಿಳುಪು ಕಾಣುತ್ತದೆ. ಅದು ಮೆಲ್ಲಗೆ, ಬಹಳ ಮೆಲ್ಲಗೆ ಅಂಚಿನ ಕಡೆಗೆ ಹರಡುತ್ತ ಹೋಗಿ, ಕೊನೆಗೆ ಸುತ್ತಲೂ ತೆಳ್ಳನೆಯ ಒಂದು ಕಂದು ಗೆರೆಯನ್ನು ಉಳಿಸಿ ನಿಲ್ಲುತ್ತದೆ. ಕೈತುಂಬ ಹುಳಿಯೂ ಕಲ್ಲಿನ ಧೂಳೂ ಬೆರೆತ ವಾಸನೆ. ಈಗ ಬೀಜಕ್ಕೆ ಎರಡು ಮುಖ: ಉಬ್ಬಿದ ಕಪ್ಪು, ಚಪ್ಪಟೆಯ ಬಿಳಿ. ಹೊಸತರಲ್ಲಿ ಆ ಬಿಳಿ ಸ್ವಲ್ಪ ಕೋರೈಸುತ್ತದೆ. ಹತ್ತಾರು ಕೈಗಳ ಬೆವರು ಕುಡಿದು ಬೆಣ್ಣೆಯ ಬಣ್ಣಕ್ಕೆ ತಿರುಗಿದ ಮೇಲೆಯೇ ಅದಕ್ಕೆ ನಿಜವಾದ ಕಳೆ.

ದೇವರ ಹಿಪ್ಪರಗಿಯ ಓಣಿಗಳಲ್ಲಿ ಈ ಬೀಜ ಕಲ್ಲಿಗೆ ಬೀಳುವ ಸದ್ದು ಗೊತ್ತಿಲ್ಲದವರು ಕಡಿಮೆ. ಮಡಿವಾಳ ಮಾಚಿದೇವರ ಊರು ಇದು. ದಸರೆ ಮುಗಿಯುತ್ತಲೇ ರಾವುತರಾಯನ ಜಾತ್ರೆಗೆ ಸುತ್ತಣ ಸೀಮೆ ಬಂದು ಸೇರುವ ಊರು. ಎರೆಹೊಲದ ಬಿಳಿಜೋಳ ಕೊಯ್ದು, ರಾಶಿ ಮುಗಿದು, ಬಿಸಿಲಿಗೆ ಯಾರೂ ಹೊರಗೆ ಕಾಲಿಡದ ಮಧ್ಯಾಹ್ನಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಇದ್ದಿಲಿನಿಂದ ಐದೈದರ ಇಪ್ಪತ್ತೈದು ಮನೆ ಗೀರಿದರೆ ಆಟಕ್ಕೆ ಬೇಕಾದ ಬಂಡವಾಳ ಮುಗಿಯಿತು. ಕಾಯಿಗೆ ಒಬ್ಬರದು ಬಳೆಚೂರು, ಒಬ್ಬರದು ಹರಳು, ಒಬ್ಬರದು ಜೋಳದ ದಂಟಿನ ತುಂಡು. ಎಸೆದ ನಾಲ್ಕು ಬೀಜದಲ್ಲಿ ಎಷ್ಟು ಬಿಳಿ ಮೇಲಾಗಿ ಬಿತ್ತೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕಾ, ನಾಲ್ಕು ಮನೆ. ನಾಲ್ಕೂ ಕಪ್ಪಾದರೆ ಬಾರಾ, ಎಂಟು ಮನೆ. ಇವೆರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಎಸೆತದ ಇನಾಮು.

ಆಟದ ರುಚಿಯೆಲ್ಲ ಬೀಜ ಬಿದ್ದ ಗಳಿಗೆಯಲ್ಲಿದೆ ಎನ್ನುವವರು ಬಹಳ. ನಾನು ಒಪ್ಪುವುದಿಲ್ಲ. ನನಗೆ ರುಚಿಸುವುದು ಅದಕ್ಕಿಂತ ಮುಂಚಿನ ಗಳಿಗೆ: ಮುಷ್ಟಿ ಮುಚ್ಚಿದೆ, ಒಳಗೆ ಬೀಜಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿವೆ, ಇನ್ನೂ ಏನೂ ಆಗಿಲ್ಲ, ಆದರೆ ಆಗಬಹುದಾದದ್ದೆಲ್ಲ ಒಂದೂ ಬಿಡದಂತೆ ಅಲ್ಲಿದೆ. ಅದಕ್ಕೆ ಲೆಕ್ಕವಿದೆ, ಕ್ರಮವಿದೆ, ಕಣ್ಣಿಗೆ ಹಿತವಾದ ಆಕಾರವೂ ಇದೆ. ಗಣಿತದ ಪುಸ್ತಕ ಇದನ್ನು ಫಲಿತಗಣ ಎಂದು ಕರೆದು ಎರಡು ಸಾಲಿನಲ್ಲಿ ವಿವರಿಸಿ ಮುಂದೆ ಹೋಗುತ್ತದೆ. ಹಾಗೆ ದಾಟಿಬಿಡುವ ಜಾಗವೇ ಅಲ್ಲ ಅದು. ಅಲ್ಲಿ ಕೂರಬೇಕು.

ಕೂರುವುದಕ್ಕೆ ಮೊದಲು ಬೀಜಗಳಿಗೆ ಹೆಸರಿಡೋಣ. ನಮ್ಮ ಊರು ಮೊದಲು ಸಿಂದಗಿ ತಾಲೂಕಿಗೆ ಸೇರಿತ್ತು, ಈಗ ತಾನೇ ಒಂದು ತಾಲೂಕು. ನೆರೆಯ ನಾಲ್ಕು ಹೆಸರುಗಳನ್ನೇ ಬೀಜಗಳಿಗೆ ಕೊಡುತ್ತೇನೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ಬೇಕಾದರೆ ಸೂಜಿಯ ಮೊನೆಯಿಂದ ಕಪ್ಪು ಬೆನ್ನಿನ ಮೇಲೆ ಒಂದೊಂದು ಗುರುತು ಗೀರಿಕೊಳ್ಳಿ. ಇದು ಬರೀ ಚೆಲ್ಲಾಟವಲ್ಲ. ನಾಲ್ಕು ಬೀಜ ನೋಡಲು ಒಂದೇ ಥರ ಇರಬಹುದು, ಆದರೆ ಅವು ನಾಲ್ಕು. ಇಂಡಿ ಬಿಳಿಯಾಗಿ ಸಿಂದಗಿ ಕಪ್ಪಾದದ್ದು ಬೇರೆ ಸಂಗತಿ, ಸಿಂದಗಿ ಬಿಳಿಯಾಗಿ ಇಂಡಿ ಕಪ್ಪಾದದ್ದು ಬೇರೆ ಸಂಗತಿ. ಕಾಯಿ ನಡೆಸುವವನಿಗೆ ಎರಡೂ ಒಂದೇ ಇರಬಹುದು. ಬೀಳುವ ಬೀಜಕ್ಕೆ ಅಲ್ಲ.

ಈಗ ಸಾಲು ಹಾಕೋಣ. ಮೊದಲ ಸಾಲಿನಲ್ಲಿ ನಾಲ್ಕೂ ಕಪ್ಪು. ಇಂಡಿಯ ಕಂಬದಲ್ಲಿ ಮೇಲಿನಿಂದ ಕೆಳಕ್ಕೆ ಕಪ್ಪು, ಬಿಳಿ, ಕಪ್ಪು, ಬಿಳಿ ಎಂದು ಒಂದೊಂದಾಗಿ ಬರೆಯುತ್ತ ಹೋಗಿ. ಸಿಂದಗಿಯ ಕಂಬದಲ್ಲಿ ಎರಡು ಕಪ್ಪು, ಎರಡು ಬಿಳಿ, ಮತ್ತೆ ಎರಡು ಕಪ್ಪು, ಎರಡು ಬಿಳಿ. ಮುದ್ದೇಬಿಹಾಳದ್ದು ನಾಲ್ಕು ನಾಲ್ಕು. ಬಾಗೇವಾಡಿಯದು ಮೇಲಿನ ಎಂಟೂ ಕಪ್ಪು, ಕೆಳಗಿನ ಎಂಟೂ ಬಿಳಿ. ಹದಿನಾರನೆಯ ಸಾಲಿಗೆ ಬಂದಾಗ ನಾಲ್ಕೂ ಬಿಳಿಯಾಗಿರುತ್ತವೆ. ಒಂದೂ ಎರಡು ಸಲ ಬಂದಿಲ್ಲ, ಒಂದೂ ಬಿಟ್ಟುಹೋಗಿಲ್ಲ. ಬರೆದ ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿ: ಎಡಗಡೆ ಸಣ್ಣ ಸಣ್ಣ ಚಿಕ್ಕೆ, ನಡುವೆ ಹದವಾದ ಪಟ್ಟಿ, ಬಲಗಡೆ ಅಗಲವಾದ ಎರಡೇ ಹರಹು, ಇಳಕಲ್ ಸೀರೆಯ ದಡಿಯ ಹಾಗೆ. ಮೊದಲನೆಯ ಸಾಲು ಬಾರಾ, ಕೊನೆಯದು ಚೌಕಾ. ಆಟದ ಎರಡು ಇನಾಮುಗಳೂ ಪಟ್ಟಿಯ ಎರಡು ತುದಿಗಳಲ್ಲಿ ಕಾವಲು ನಿಂತಿವೆ. ನಡುವಿನ ಹದಿನಾಲ್ಕು ಸಾಲು ದಿನನಿತ್ಯದ ಬದುಕು.

ಈ ಸಾಲು ಹಾಕುವ ಕ್ರಮ ನನ್ನದಲ್ಲ, ಜೂಜುಗಾರರದೂ ಅಲ್ಲ. ಇದು ಕವಿಗಳ ಮನೆಯಿಂದ ಬಂದದ್ದು. ಎರಡು ಸಾವಿರ ವರ್ಷಗಳಿಗೂ ಹಿಂದೆ ಪಿಂಗಳ ಛಂದಸ್ಸಿನ ಸೂತ್ರಗಳನ್ನು ಬರೆದಾಗ, ಇಷ್ಟು ಅಕ್ಷರಗಳ ಪಾದದಲ್ಲಿ ಗುರುಲಘುಗಳು ಎಷ್ಟು ಬಗೆಯಾಗಿ ಕೂರಬಹುದು ಎಂದು ಕೇಳಿಕೊಂಡ. ಅವುಗಳನ್ನೆಲ್ಲ ಹೀಗೆ ಹರವಿ ಇಡುವುದಕ್ಕೆ ಪ್ರಸ್ತಾರ ಎಂದು ಹೆಸರು. ಕಪ್ಪು ಇದ್ದಲ್ಲಿ ಗುರು, ಬಿಳಿ ಇದ್ದಲ್ಲಿ ಲಘು ಎಂದು ಓದಿಕೊಂಡರೆ ನಮ್ಮ ನಾಲ್ಕು ಬೀಜದ ಹದಿನಾರು ಸಾಲು ನಾಲ್ಕಕ್ಷರದ ಪಾದದ ಪ್ರಸ್ತಾರವೇ. ಹತ್ತನೆಯ ಶತಮಾನದಲ್ಲಿ ನಮ್ಮ ನಾಗವರ್ಮ ಛಂದೋಂಬುಧಿ ಬರೆದು ಈ ವಿದ್ಯೆಯನ್ನು ಕನ್ನಡಕ್ಕೆ ತಂದ. ಇನ್ನೂ ಬರೆಯದ ಪದ್ಯದ ಎಲ್ಲ ನಡೆಗಳನ್ನೂ ಮೊದಲೇ ಎಣಿಸಿಟ್ಟುಕೊಳ್ಳುವ ಆ ಛಂದಸ್ಸುಗಾರರ ಠೀವಿಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವರು ಪಟ್ಟಿ ಬರೆದು ಸುಮ್ಮನೆ ಕೂತವರೂ ಅಲ್ಲ. ಹಾಳೆ ಹರಿದುಹೋಯಿತು, ಹನ್ನೊಂದನೆಯ ಸಾಲು ಯಾವುದಿತ್ತು ಎಂದು ಕೇಳಿದರೆ? ಅದಕ್ಕೆ ನಷ್ಟ ಎಂಬ ಕ್ರಮವಿದೆ, ಅದರ ಸೊಗಸು ನೋಡಿ. ಸಂಖ್ಯೆ ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡಬೇಕು. ಸಮವಾದರೆ ಲಘು ಬರೆದು ಸುಮ್ಮನೆ ಅರ್ಧ ಮಾಡಬೇಕು. ಹನ್ನೊಂದು ಬೆಸ: ಇಂಡಿ ಕಪ್ಪು, ಒಂದು ಕೂಡಿ ಹನ್ನೆರಡು, ಅರ್ಧ ಆರು. ಆರು ಸಮ: ಸಿಂದಗಿ ಬಿಳಿ, ಅರ್ಧ ಮೂರು. ಮೂರು ಬೆಸ: ಮುದ್ದೇಬಿಹಾಳ ಕಪ್ಪು, ಒಂದು ಕೂಡಿ ನಾಲ್ಕು, ಅರ್ಧ ಎರಡು. ಎರಡು ಸಮ: ಬಾಗೇವಾಡಿ ಬಿಳಿ. ಕಪ್ಪು, ಬಿಳಿ, ಕಪ್ಪು, ಬಿಳಿ. ಎರಡು ಮನೆ ನಡೆ. ಕಳೆದುಹೋದ ಸಾಲು ಕಟ್ಟೆಯ ಮೇಲೆ ಮತ್ತೆ ಬಂದು ಕೂತಿತು. ತಿರುಗಿಸಿ ಕೇಳಿದರೂ ಉತ್ತರವುಂಟು, ಅದು ಉದ್ದಿಷ್ಟ. ನಾಲ್ಕು ಬೀಜಗಳ ತಲೆಯ ಮೇಲೆ 1, 2, 4, 8 ಎಂದು ಬರೆಯಿರಿ. ಬಿಳಿ ಇದ್ದಲ್ಲಿಯ ಅಂಕಿಗಳನ್ನಷ್ಟೇ ಕೂಡಿಸಿ, ಮೇಲೊಂದು ಸೇರಿಸಿ. ಇಂಡಿ, ಬಾಗೇವಾಡಿ ಬಿಳಿ, ನಡುವಿನ ಎರಡು ಕಪ್ಪು ಎಂದಿದ್ದರೆ 1 ಮತ್ತು 8 ಸೇರಿ 9, ಮೇಲೊಂದು 10. ಪಟ್ಟಿಯಲ್ಲಿ ಅದು ಹತ್ತನೆಯ ಸಾಲು. ಹದಿನಾರು ಸಾಲನ್ನೂ ಬರೆಯದೆ, ಮುಷ್ಟಿಯಲ್ಲೇ ಇಟ್ಟುಕೊಂಡು ಓಡಾಡಬಹುದಾದ ಫಲಿತಗಣ ಇದು.

ಇನ್ನು ಬಿಳಿಯ ಎಣಿಕೆಯ ಪ್ರಕಾರ ಸಾಲುಗಳನ್ನು ಗುಂಪು ಮಾಡಿ. ಬಿಳಿಯೇ ಇಲ್ಲದ್ದು 1, ಒಂದು ಬಿಳಿ 4, ಎರಡು ಬಿಳಿ 6, ಮೂರು ಬಿಳಿ 4, ನಾಲ್ಕೂ ಬಿಳಿ 1. ಹಲಾಯುಧ ಪಿಂಗಳನಿಗೆ ಬರೆದ ವ್ಯಾಖ್ಯಾನದಲ್ಲಿ ಮೇರುಪ್ರಸ್ತಾರ ಎಂದು ವಿವರಿಸುವ ಅಂಕಿಗಳ ಬೆಟ್ಟದಲ್ಲಿ ಇದೊಂದು ಮೆಟ್ಟಿಲು. ಹದಿನೇಳನೆಯ ಶತಮಾನದ ಪಾಸ್ಕಲ್‌ನ ಹೆಸರಿನಲ್ಲಿ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ತ್ರಿಕೋನವೂ ಅದೇ. ಚೌಕಾಬಾರಾ ಆಡಿದವರ ಕೈಗೆ ಇದು ಲೆಕ್ಕಕ್ಕಿಂತ ಮೊದಲೇ ಗೊತ್ತು. ಎರಡು ಬೇಕಾದವನು ನಿರಾಳವಾಗಿ ಎಸೆಯುತ್ತಾನೆ. ಚೌಕಾ ಬೇಕಾದವನು ಬೀಜಕ್ಕೆ ಊದುತ್ತಾನೆ.

ಆ ನಡುವಿನ ಆರರ ಹತ್ತಿರ ಸ್ವಲ್ಪ ನಿಲ್ಲೋಣ. ಯಾವ ಎರಡು ಬಿಳಿ? ಇಂಡಿ ಸಿಂದಗಿ, ಇಂಡಿ ಮುದ್ದೇಬಿಹಾಳ, ಇಂಡಿ ಬಾಗೇವಾಡಿ, ಸಿಂದಗಿ ಮುದ್ದೇಬಿಹಾಳ, ಸಿಂದಗಿ ಬಾಗೇವಾಡಿ, ಮುದ್ದೇಬಿಹಾಳ ಬಾಗೇವಾಡಿ. ಬಸ್ ನಿಲ್ದಾಣದ ಫಲಕದಂತೆ ಕೇಳಿಸಿದರೂ ಇದನ್ನೇ ಲೀಲಾವತಿಯಲ್ಲಿ ಭಾಸ್ಕರಾಚಾರ್ಯ ಇನ್ನೊಂದು ವೇಷದಲ್ಲಿ ತಂದಿದ್ದಾನೆ. 1114ರಲ್ಲಿ ಹುಟ್ಟಿದ ಈ ಮಹಾನುಭಾವ ತನ್ನ ಊರನ್ನು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಹೇಳಿಕೊಂಡ. ಅದು ನಮ್ಮ ಜಿಲ್ಲೆಯ ಬಿಜ್ಜರಗಿಯೇ ಎಂದು ವಾದಿಸುವವರಿದ್ದಾರೆ. ಮೊಮ್ಮಗ ಚಂಗದೇವನ ಶಾಸನ ಸಿಕ್ಕಿರುವ ಚಾಳೀಸಗಾಂವದ ಹತ್ತಿರದ ಪಾಟಣೆಯ ಕಡೆ ಎಂದು ಮಹಾರಾಷ್ಟ್ರದವರು ಹೇಳುತ್ತಾರೆ. ನಾನು ವಿಜಯಪುರ ಜಿಲ್ಲೆಯವನು, ನನ್ನ ಮತ ಯಾವ ಕಡೆ ಎಂದು ಕೇಳುವುದು ನ್ಯಾಯವಲ್ಲ. 1150ರ ಸುಮಾರಿಗೆ ಬರೆದ ಲೀಲಾವತಿಯ ಕೊನೆಯ ಪ್ರಕರಣ ಅಂಕಪಾಶ. ಅಲ್ಲಿ ಅವನು ಕೇಳುತ್ತಾನೆ: 2, 2, 1, 1 ಈ ನಾಲ್ಕು ಅಂಕಿಗಳಿಂದ ಎಷ್ಟು ಸಂಖ್ಯೆಗಳಾಗುತ್ತವೆ, ಅವುಗಳ ಮೊತ್ತವೆಷ್ಟು? ಸಂಖ್ಯೆಗಳು ಆರು: 2211, 2121, 2112, 1221, 1212, 1122. ಮೊತ್ತ 9999. ಈ ಆರನ್ನು ಜೋಡಿ ಮಾಡಿ ನೋಡಿ. 2211ಕ್ಕೆ 1122, 2121ಕ್ಕೆ 1212, 2112ಕ್ಕೆ 1221. ಪ್ರತಿ ಜೋಡಿಯೂ 3333. ನಮ್ಮ ಬೀಜದಲ್ಲೂ ಅದೇ ಜೋಡಿ: ಒಂದು ಸಾಲಿನ ನಾಲ್ಕೂ ಬೀಜ ಮಗುಚಿದರೆ ಅದರ ಜೊತೆಗಾರ ಸಾಲು ಬರುತ್ತದೆ. ಕಪ್ಪಿಗೊಂದು ಬಿಳಿ, ಬಿಳಿಗೊಂದು ಕಪ್ಪು. ಒಂಬತ್ತು ಶತಮಾನ ಹಳೆಯ ಪ್ರಶ್ನೆ ಕಟ್ಟೆಯ ಮೇಲೆ ಟಕ್ಕೆಂದು ಬಿದ್ದಂತಾಯಿತು.

ಅದೇ ಪ್ರಕರಣದಲ್ಲಿ ಹತ್ತು ಕೈಗಳ ಶಿವನ ಪ್ರಶ್ನೆಯೂ ಇದೆ. ಪಾಶ, ಅಂಕುಶ, ಸರ್ಪ, ಡಮರು ಮೊದಲಾದ ಹತ್ತನ್ನು ಹತ್ತು ಕೈಗೆ ಅದಲುಬದಲು ಮಾಡಿ ಕೊಟ್ಟರೆ ಎಷ್ಟು ಶಿವಮೂರ್ತಿಗಳು? 36,28,800. ನಾಲ್ಕು ಕೈಯ ಹರಿಗೆ ಗದೆ, ಚಕ್ರ, ಪದ್ಮ, ಶಂಖ ಕೊಟ್ಟರೆ 24. ಈ ಇಪ್ಪತ್ತನಾಲ್ಕನ್ನು ಬರೆದಿಡಬಹುದು. ಮೂವತ್ತಾರು ಲಕ್ಷದ ಪಟ್ಟಿಯನ್ನು ಯಾರೂ ಬರೆಯಲಾರರು, ಆದರೂ ಅದರಲ್ಲಿ ಎಷ್ಟು ಸಾಲಿದೆ ಎಂದು ಒಂದೂ ತಪ್ಪದೆ ಹೇಳಬಹುದು. ಭಾಸ್ಕರನಿಗಿಂತ ಸುಮಾರು ಮುನ್ನೂರು ವರ್ಷ ಮೊದಲು, ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಹೀಗೆ ಆರಿಸಿ ಎಣಿಸುವುದಕ್ಕೆ ಸಾರ್ವತ್ರಿಕವಾದ ಸೂತ್ರವನ್ನೇ ಕೊಟ್ಟಿದ್ದ. ಉದಾಹರಣೆಗೆ ಅವನು ಹಿಡಿದದ್ದು ಷಡ್ರಸವನ್ನು. ಒಂದೊಂದೇ, ಎರಡೆರಡು, ಮೂರುಮೂರು ಎಂದು ಬೆರೆಸಿದರೆ ಆರು ರುಚಿಗಳಿಂದ 63 ಬಗೆ. ಮಾನ್ಯಖೇಟ ಎಂದರೆ ಈಗಿನ ಮಳಖೇಡ, ಪಕ್ಕದ ಕಲಬುರಗಿ ಜಿಲ್ಲೆಯ ಊರು.

ಪಟ್ಟಿ ಬರೆಯದೆ ಲೆಕ್ಕ ಹಾಕಲು ಹೊರಟ ದೊಡ್ಡವರು ಎಡವಿದ ಕತೆಗಳೂ ಇವೆ, ಅವುಗಳಲ್ಲೂ ಒಂದು ರಸವಿದೆ. ಎರಡು ದಾಳ ಎಸೆದರೆ ಹನ್ನೊಂದೂ ಹನ್ನೆರಡೂ ಒಂದೇ ಸುಲಭ ಎಂದು ಲೈಬ್ನಿಟ್ಸ್‌ನಂಥ ಮೇಧಾವಿ ನಂಬಿದ್ದ, ಏಕೆಂದರೆ ಹನ್ನೊಂದಕ್ಕೆ ಐದು-ಆರು ಒಂದೇ ದಾರಿ, ಹನ್ನೆರಡಕ್ಕೆ ಆರು-ಆರು ಒಂದೇ ದಾರಿ. ಇಂಡಿ ಐದು ಸಿಂದಗಿ ಆರು ಬೇರೆ, ಇಂಡಿ ಆರು ಸಿಂದಗಿ ಐದು ಬೇರೆ ಎಂದು ಅವನಿಗೆ ಹೊಳೆಯಲಿಲ್ಲ. ಫ್ರಾನ್ಸಿನ ದಾಲಂಬೇರ್ 1754ರಲ್ಲಿ ವಿಶ್ವಕೋಶದಲ್ಲೇ ಬರೆದ: ಎರಡು ಸಲ ನಾಣ್ಯ ಚಿಮ್ಮಿದರೆ ಒಮ್ಮೆಯಾದರೂ ರಾಜ ಬೀಳುವುದು ಮೂರರಲ್ಲಿ ಎರಡು ಪಾಲು ಎಂದು. ನಾಲ್ಕು ಸಾಲಿನ ಪಟ್ಟಿ ಬರೆದ ಹುಡುಗಿಗೆ ಅದು ನಾಲ್ಕರಲ್ಲಿ ಮೂರು ಎಂದು ಕಾಣುತ್ತದೆ. ಇವರಿಬ್ಬರಿಗೂ ಹಿಂದೆಯೇ ಗೆಲಿಲಿಯೊಗೆ ಜೂಜುಗಾರರ ಒಂದು ಒಗಟು ಬಂದಿತ್ತು. ಮೂರು ದಾಳದಲ್ಲಿ ಒಂಬತ್ತು ಬರಲು ಆರು ಬಗೆ, ಹತ್ತು ಬರಲೂ ಆರು ಬಗೆ. ಆದರೂ ಹತ್ತು ತುಸು ಹೆಚ್ಚು ಬೀಳುತ್ತದಲ್ಲ, ಏಕೆ? ಅವನು 216 ಸಾಲುಗಳ ಲೆಕ್ಕ ತೆಗೆದ. ಒಂಬತ್ತಕ್ಕೆ 25, ಹತ್ತಕ್ಕೆ 27. ಮೂರೂ ಬೇರೆ ಬೇರೆ ಅಂಕಿಯಾದರೆ ಆರು ಸಾಲು, ಎರಡು ಒಂದೇ ಆದರೆ ಮೂರು ಸಾಲು. ಒಂಬತ್ತರಲ್ಲಿ ಮಾತ್ರ ಮೂರು-ಮೂರು-ಮೂರು ಎಂಬ ಒಂಟಿ ಸಾಲೊಂದು ಬಂದು ಕೂತು ತಕ್ಕಡಿಯನ್ನು ವಾಲಿಸಿತು. 216ರಲ್ಲಿ ಎರಡರ ವ್ಯತ್ಯಾಸವನ್ನು ಆಡಿ ಆಡಿಯೇ ಕಂಡುಕೊಂಡಿದ್ದ ಆ ಜೂಜುಗಾರರ ಕೈಗೆ ನಾನು ನಮಸ್ಕರಿಸುತ್ತೇನೆ.

ಒಂಬತ್ತು, ಹತ್ತನೆಯ ಇಯತ್ತೆಯ ಮಕ್ಕಳಿಗೆ ಬರುವುದು ಆರು ಮುಖದ ಎರಡು ದಾಳ, 36 ಚೌಕಗಳ ಕೋಷ್ಟಕ. ಅದಕ್ಕೂ ಅಂದವಿದೆ. ಒಂದೇ ಮೊತ್ತದ ಚೌಕಗಳೆಲ್ಲ ಓರೆಯಾಗಿ ಸಾಲುಗಟ್ಟುತ್ತವೆ. ಏಳರ ಓರೆ ಮೂಲೆಯಿಂದ ಮೂಲೆಗೆ, ಆರು ಚೌಕ ಉದ್ದ. ಎರಡಕ್ಕೂ ಹನ್ನೆರಡಕ್ಕೂ ಮೂಲೆಯಲ್ಲಿ ಒಂದೊಂದೇ. ಗಂಟೆ ಬಾರಿಸುವ ಮೊದಲು ಭಾಗಾಕಾರ ಮುಗಿಸಬೇಕಾದ ಅವಸರದಲ್ಲಿ ಮಕ್ಕಳು ಇದನ್ನು ನೋಡದೆಯೇ ದಾಟುತ್ತಾರೆ. ಆದರೂ, ಬಲವಂತ ಮಾಡಿದರೆ, ನನ್ನ ಒಲವು ಪಗಡೆಯ ಉದ್ದನೆಯ ದಾಳಗಳ ಕಡೆಗೆ.

ಹಿತ್ತಾಳೆಯ ಹಳೆಯ ಜೋಡಿಯೊಂದು ಕೈಗೆ ಸಿಕ್ಕರೆ ಬಿಡಬೇಡಿ. ಬೆರಳುದ್ದ, ನಾಲ್ಕು ಮಗ್ಗುಲು, ತುದಿಗಳು ಸಣ್ಣ. ಹಾಗಾಗಿ ತುದಿಯ ಮೇಲೆ ನಿಲ್ಲುವ ಮಾತಿಲ್ಲ, ನಾಲ್ಕರಲ್ಲೊಂದು ಮಗ್ಗುಲು ಮೇಲಾಗಲೇಬೇಕು. ಚುಕ್ಕೆಯ ಸುತ್ತ ಪುಟ್ಟ ಉಂಗುರ ಕೊರೆದ ಗುರುತುಗಳು. ಅಂಗೈಗಳ ನಡುವೆ ಉಜ್ಜುತ್ತಿದ್ದಂತೆ ಅವು ಚರ್ಮಕ್ಕೆ ಒಂದೊಂದಾಗಿ ತಾಗಿ ಹೋಗುತ್ತವೆ. ಲೋಹ ಬೆಚ್ಚಗಾಗುತ್ತದೆ. ಬಟ್ಟೆಯ ಹಾಸಿನ ಮೇಲೆ ಜಾರಿಬಿಟ್ಟಾಗ ಬರುವ ಸದ್ದು ಮರದ ದಾಳಕ್ಕೆ ಎಂದೂ ಬಾರದು. ಇಂಥ ಉದ್ದದ ದಾಳಗಳು ಮೊಹೆಂಜೊದಾರೊದ ಮಣ್ಣಿನಲ್ಲೂ ಸಿಕ್ಕಿವೆ.

ಎದುರು ಬದುರು ಮಗ್ಗುಲುಗಳನ್ನು ಕೂಡಿದರೆ ಏಳು ಬರುವಂತೆ ಕೆಲವು ದಾಳಗಳ ಮೇಲೆ 1, 3, 4, 6 ಇರುತ್ತದೆ, ಕೆಲವುದರ ಮೇಲೆ 1, 2, 5, 6. ಎರಡು ದಾಳ ಸೇರಿದರೆ ನಾಲ್ಕು ನಾಲ್ಕಲೆ ಹದಿನಾರು. ಮತ್ತೆ ನಮ್ಮ ಹದಿನಾರೇ, ಆದರೆ ಒಳಗಿನ ನೇಯ್ಗೆ ಬೇರೆ. ಮೊದಲ ಬಗೆಯಲ್ಲಿ ಏಳಕ್ಕೆ ನಾಲ್ಕು ಸಾಲು. ನಾಲ್ಕು, ಐದು, ಒಂಬತ್ತು, ಹತ್ತಕ್ಕೆ ಎರಡೆರಡು. ಎರಡು, ಆರು, ಎಂಟು, ಹನ್ನೆರಡಕ್ಕೆ ಒಂದೊಂದೇ. ಮೂರು, ಹನ್ನೊಂದು ಹುಟ್ಟುವುದೇ ಇಲ್ಲ. ಏಳರ ಎತ್ತರದ ಅಕ್ಕಪಕ್ಕದಲ್ಲೇ ಆರೂ ಎಂಟೂ ಒಂಟಿಯಾಗಿ ಕುಗ್ಗಿ ನಿಂತದ್ದನ್ನು ನೋಡಿ. ಆರು ಮುಖದ ದಾಳದಲ್ಲಿ ಈ ಏರಿಳಿತ ಕಾಣಸಿಗದು. ಎರಡನೆಯ ಬಗೆಗೆ ಬಂದರೆ ಏಳಕ್ಕೆ ನಾಲ್ಕು ಹಾಗೇ ಉಳಿಯುತ್ತದೆ, ಆರು ಎಂಟು ಎರಡಕ್ಕೇರುತ್ತವೆ, ಮೂರೂ ಹನ್ನೊಂದೂ ಬದುಕುತ್ತವೆ, ಅವುಗಳ ಬದಲು ಐದೂ ಒಂಬತ್ತೂ ಕಾಣೆಯಾಗುತ್ತವೆ. ದಾಳ ಕೊರೆದ ಕಮ್ಮಾರ ಎರಡು ಮಗ್ಗುಲಿನ ಚುಕ್ಕೆ ಬದಲಿಸಿದ, ಅಷ್ಟಕ್ಕೇ ಹಾಸಿನ ಮೇಲಿನ ಯುದ್ಧದ ದಾರಿಗಳೆಲ್ಲ ತಿರುಗಿಬಿದ್ದವು. ಪಗಡೆಯ ಪಳಗಿದ ಆಟಗಾರ ಹೊಸ ಜೋಡಿ ಕೈಗೆ ಬಂದೊಡನೆ ಮೊದಲು ನಾಲ್ಕೂ ಮಗ್ಗುಲು ತಿರುಗಿಸಿ ನೋಡುವುದು ಇದಕ್ಕೇ.

ನಳನ ಕತೆಯಲ್ಲಿ ಋತುಪರ್ಣ ರಾಜ ಓಡುವ ರಥದಿಂದಲೇ ತಾರೆಮರವೊಂದನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ ಇಷ್ಟೇ ಎಲೆ, ಇಷ್ಟೇ ಕಾಯಿ ಎಂದು ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡಿ ಬೆರಗಾಗುತ್ತಾನೆ. ಋತುಪರ್ಣನಿಗೆ ಗೊತ್ತಿದ್ದದ್ದು ಅಕ್ಷಹೃದಯ, ದಾಳದ ಒಳಗುಟ್ಟು. ಹಿಂದೆ ಜೂಜಿಗೆ ಬಳಸುತ್ತಿದ್ದದ್ದು ಇದೇ ತಾರೆಕಾಯಿಗಳನ್ನು. ಮರ ಎಣಿಸುವ ವಿದ್ಯೆಯೂ ದಾಳ ಆಡುವ ವಿದ್ಯೆಯೂ ಒಂದೇ ಎಂದು ಮಹಾಭಾರತದ ಕವಿಗೆ ಅನ್ನಿಸಿತ್ತಲ್ಲ, ಅದು ನನಗೆ ಬಹಳ ಪ್ರಿಯವಾದ ಸಂಗತಿ.

ಕಟ್ಟೆಗೆ ಮರಳಿದರೆ, ಬೀಜದ ಬದಲು ಕವಡೆ ಹಿಡಿದು ಆಡುವವರೂ ಇದ್ದಾರೆ. ಸವದತ್ತಿ ಎಲ್ಲಮ್ಮನ, ತುಳಜಾಪುರದ ಅಂಬಾಭವಾನಿಯ ಭಕ್ತರ ಕೊರಳಲ್ಲಿ ಸರವಾಗಿ ತೂಗುವ ಅದೇ ಕವಡೆ. ಉಬ್ಬಿದ ಬೆನ್ನು ನುಣ್ಣಗೆ, ಒಂದು ಬದಿ ಹಳದಿ ಛಾಯೆ. ಕೆಳಗೆ ಹಲ್ಲುಹಲ್ಲಾದ ಉದ್ದ ಬಾಯಿ. ಬಾಯಿ ಮೇಲಾದರೆ ಲೆಕ್ಕ. ಕವಡೆಯ ಎರಡು ಮೈ ಸಮನಲ್ಲ ಎಂದು ಹಿಡಿದ ಕೈಗೇ ತಿಳಿಯುತ್ತದೆ. ಹುಣಸೆಬೀಜದಲ್ಲೂ ಹಾಗೆಯೇ, ಎಷ್ಟು ತಿಕ್ಕಿದಿರಿ ಎಂಬುದರ ಮೇಲೆ ಅದರ ಒಲವು. ಹಾಗಾದರೆ ನಮ್ಮ ಹದಿನಾರು ಸಾಲಿನ ಗತಿ? ಅದಕ್ಕೇನೂ ಆಗುವುದಿಲ್ಲ, ಅದೇ ಅದರ ಗಾಂಭೀರ್ಯ. ಸಾಲುಗಳು ಹದಿನಾರೇ, ಒಂದೊಂದು ಸಾಲಿನ ತೂಕ ಮಾತ್ರ ಬದಲಾಗುತ್ತದೆ. ಏನೇನು ಆಗಬಹುದು ಎಂಬುದು ಒಂದು ಪ್ರಶ್ನೆ, ಯಾವುದು ಎಷ್ಟು ಸಲ ಎಂಬುದು ಅದರ ಹಿಂದೆ ಬರುವ ಇನ್ನೊಂದು.

ಬೀಜ ಹತ್ತರಲ್ಲಿ ಆರು ಸಲ ಬಿಳಿ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ಚೌಕಾದ ಪಾಲು ನೂರಕ್ಕೆ ಸುಮಾರು 13, ಬಾರಾದ್ದು ನೂರಕ್ಕೆ ಎರಡೂವರೆ. ಎಂಟು ಮನೆ ನಡೆಸುವ ಬಾರಾ ಅಷ್ಟು ದುಬಾರಿಯಾಯಿತು. ಇನ್ನೂ ಒಂದು ಸೊಗಸು ಇಲ್ಲೇ ಅಡಗಿದೆ. ಎರಡಕ್ಕೆ ಆರು ಸಾಲು, ಮೂರಕ್ಕೆ ನಾಲ್ಕು ಸಾಲು ತಾನೇ? ಬಿಳಿಯ ಒಲವು ಸರಿಯಾಗಿ ಹತ್ತಕ್ಕೆ ಆರು ಆದಾಗ ಹೆಚ್ಚು ಸಾಲಿನ ಎರಡೂ ಹೆಚ್ಚು ತೂಕದ ಮೂರೂ ಸರಿಸಮನಾಗುತ್ತವೆ, ಎರಡಕ್ಕೂ ನೂರಕ್ಕೆ 34.56. ಒಂದು ಕೂದಲೆಳೆ ಹೆಚ್ಚು ತಿಕ್ಕಿದರೂ, ಕಡಿಮೆ ತಿಕ್ಕಿದರೂ ಈ ಸಮ ಕೆಡುತ್ತದೆ. ಚಪ್ಪಡಿಯ ಮುಂದೆ ಕೂತು ಬೆರಳು ಸವೆಸುವವಳಿಗೆ ಇದನ್ನು ಹೇಳಿದರೆ ನಕ್ಕಾಳು. ಅವಳು ಎಸೆದು ನೋಡಿ, ಮತ್ತೆ ಎರಡು ಸಲ ತಿಕ್ಕಿ, ಮತ್ತೆ ಎಸೆದು ನೋಡಿ ಹದ ಹಿಡಿಯುತ್ತಾಳೆ.

ಕೊನೆಗೆ ಆ ಇನಾಮಿನ ಎಸೆತ ಉಳಿಯಿತು. ಇಷ್ಟು ಹೊತ್ತು ಹದಿನಾರಕ್ಕೆ ಮುಗಿಯುತ್ತದೆ ಎಂದುಕೊಂಡ ಪಟ್ಟಿ ನಿಜವಾಗಿ ಮುಗಿಯುವುದೇ ಇಲ್ಲ. ನಡುವಿನ ಹದಿನಾಲ್ಕು ಸಾಲಿನಲ್ಲಿ ಯಾವುದು ಬಿದ್ದರೂ ಸರದಿ ಮುಗಿಯಿತು. ತುದಿಯ ಎರಡರಲ್ಲಿ ಒಂದು ಬಿದ್ದರೆ ಅದರ ಬಾಯಿಂದ ಇನ್ನೊಂದು ಹದಿನಾರರ ಪಟ್ಟಿ ಹೊರಡುತ್ತದೆ, ಅದರ ತುದಿಗಳಿಂದ ಮತ್ತೊಂದು. ಚೌಕಾ, ಬಾರಾ, ಬಾರಾ, ಚೌಕಾ ಎಂದು ಬೀಳುತ್ತಲೇ ಹೋಗಬಾರದೆಂದು ಯಾವ ಬೀಜವೂ ಮಾತು ಕೊಟ್ಟಿಲ್ಲ. ಕೆಲವು ಮನೆಗಳಲ್ಲಿ ಇದಕ್ಕೊಂದು ಕಡಿವಾಣವಿದೆ: ಸಾಲಾಗಿ ಮೂರು ಸಲ ಇನಾಮು ಬಿದ್ದರೆ ಮೂರೂ ರದ್ದು, ಸರದಿಯೂ ಹೋಯಿತು. ಆಗ ಪಟ್ಟಿಗೆ ಕೊನೆ ಬರುತ್ತದೆ. ಮೊದಲ ಎಸೆತದಲ್ಲೇ ನಿಲ್ಲುವವು 14, ಎರಡನೆಯದರಲ್ಲಿ ನಿಲ್ಲುವವು 28, ಮೂರನೆಯದರಲ್ಲಿ 56, ರದ್ದಾಗುವವು 8. ಒಟ್ಟು 106 ದಾರಿ. ಎಲ್ಲದರ ತೂಕ ಒಂದೇ ಅಲ್ಲ. ಸಮ ತೂಕದ ಬೀಜವಾದರೆ ರದ್ದಿನ ಪಾಲು 512ರಲ್ಲಿ ಒಂದು. ಇನ್ನು ಕೆಲವು ಓಣಿಗಳಲ್ಲಿ ಈ ಕಟ್ಟಳೆಯೇ ಇಲ್ಲ, ಬಿದ್ದಷ್ಟೂ ಬಿದ್ದವನದು. ಹೀಗಾಗಿ ಆಟಕ್ಕೆ ಕೂರುವ ಮುಂಚೆ ಮಾತಾಡಿಕೊಳ್ಳದವರ ನಡುವೆ ಬಾರಾದ ಮೇಲೆ ಬಾರಾ, ಅದರ ಮೇಲೆ ಚೌಕಾ ಬಿತ್ತೋ, ಇಬ್ಬರೂ ಎದ್ದು ನಿಲ್ಲುತ್ತಾರೆ. ಒಬ್ಬನ ಲೆಕ್ಕದಲ್ಲಿ ಇಪ್ಪತ್ತು ಮನೆ, ಮೇಲೆ ಇನ್ನೊಂದು ಎಸೆತ. ಇನ್ನೊಬ್ಬನ ಲೆಕ್ಕದಲ್ಲಿ ಬರೀ ಸೊನ್ನೆ. “ಏ, ನಮ್ಮ ಓಣ್ಯಾಗ ಹಂಗಿಲ್ಲೋ!” ಎಂದು ಒಬ್ಬ ಬೀಜ ಕೆಳಗಿಡದೆ ಕೂಗುತ್ತಾನೆ, ಇನ್ನೊಬ್ಬ ಆಗಲೇ ಅವನ ಕಾಯಿಗಳನ್ನು ಹಿಂದಕ್ಕಿಡುತ್ತಿರುತ್ತಾನೆ.